ಲೈಕ್ ಬರ್ತಿದೆ, ಗಿರಾಕಿ ಬರ್ತಿಲ್ಲ

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಕೈಮಗ್ಗದ ಸೀರೆ ವ್ಯಾಪಾರ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಂ ಎರಡೂ ಮಾಡಿಕೊಟ್ಟಿದ್ದಾನೆ. ಲೈಕ್ ಬರುತ್ತವೆ, ಗಿರಾಕಿ ಬರುವುದಿಲ್ಲ. ದುಡ್ಡು ಕೊಟ್ಟರೆ ಹತ್ತು ಸಾವಿರ ಫಾಲೋವರ್ಸ್ ಮಾಡಿಕೊಡ್ತೀನಿ ಅಂತ ಒಬ್ಬರು ಬಂದಿದ್ದಾರೆ. ಕೊಡಬಹುದಾ?

ಉತ್ತರ: ದಯವಿಟ್ಟು ಕೊಡಬೇಡಿ. ದುಡ್ಡಿಗೆ ಬರುವ ಫಾಲೋವರ್ಸ್ ಸೀರೆ ಕೊಳ್ಳುವವರಲ್ಲ. ಎಷ್ಟೋ ಖಾತೆಗಳ ಹಿಂದೆ ಮನುಷ್ಯರೇ ಇರುವುದಿಲ್ಲ.

ಮೊದಲು ಒಂದು ವಿಷಯ ನೋಡಿ. ಆ ಖಾತೆಗಳು ಯಾರ ನಂಬರಿನಲ್ಲಿವೆ? ಅಕ್ಕನ ಮಗನ ನಂಬರಿನಲ್ಲಿದ್ದರೆ ಈಗಲೇ ಅಂಗಡಿಯ ನಂಬರು, ಇಮೇಲ್‌ಗೆ ಬದಲಾಯಿಸಿ. ನಾಳೆ ಅವನು ಸಿಮ್ ಬದಲಿಸಿದರೆ ನಿಮ್ಮ ಅಂಗಡಿಯ ಖಾತೆಗೆ ನೀವೇ ಹೊರಗಿನವರಾಗುತ್ತೀರಿ. ಫೇಸ್‌ಬುಕ್ ಪೇಜಿನಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳದೆಯೇ ಅವನಿಗೆ ಕೆಲಸ ಮಾಡಲು ಅನುಮತಿ ಕೊಡಬಹುದು. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಿ. ‘ನಿಮ್ಮ ಪೇಜ್ ಡಿಲೀಟ್ ಆಗುತ್ತೆ, ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬಂದರೆ ಒತ್ತಲೇಬೇಡಿ.

ಇನ್ನು ಗಿರಾಕಿಯ ಮಾತು. ಬರೀ ಮಡಚಿಟ್ಟ ಸೀರೆಯ ಫೋಟೋ ಹಾಕಿ ‘ಬೆಲೆಗೆ ಮೆಸೇಜ್ ಮಾಡಿ’ ಅಂದರೆ ಜಾಸ್ತಿ ಜನ ಹಾಗೇ ಮುಂದೆ ಹೋಗುತ್ತಾರೆ. ಬೆಲೆ ಬರೆಯಿರಿ. ರೇಷ್ಮೆಯೋ, ಹತ್ತಿಯೋ, ಆರ್ಟ್ ಸಿಲ್ಕೋ (ಕೃತಕ ರೇಷ್ಮೆ) ಬರೆಯಿರಿ. ಎಷ್ಟು ಉದ್ದ, ಬ್ಲೌಸ್ ಪೀಸ್ ಇದೆಯೋ ಇಲ್ಲವೋ ಅದೂ ಇರಲಿ. ಪವರ್‌ಲೂಮ್ ಸೀರೆಯನ್ನೂ ಮಾರುತ್ತಿದ್ದರೆ ಅದನ್ನು ಹಾಗೆಯೇ ಹೇಳಿ, ಮುಚ್ಚಿಡಬೇಡಿ. ಬೆಳಗಿನ ಬೆಳಕಿನಲ್ಲಿ ಸೆರಗು ಬಿಡಿಸಿ ಫೋಟೋ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಬಣ್ಣ ಬೇರೆಯೇ ಕಾಣುತ್ತೆ, ಆಮೇಲೆ ಸೀರೆ ವಾಪಸ್ ಬರುತ್ತೆ.

ನಿಮ್ಮ ಹತ್ತಿರ ಇಳಕಲ್‌ಗೆ ಹೆಸರು ತಂದ ಕೆಲಸವೊಂದು ಇದೆ. ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಾರಲ್ಲ, ಆ ಕೈಗಳನ್ನು ಹತ್ತಿರದಿಂದ ಅರ್ಧ ನಿಮಿಷ ವಿಡಿಯೋ ಮಾಡಿ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ, ಮಗ್ಗದ ಸದ್ದೇ ಇರಲಿ. ನೇಕಾರರನ್ನು ಮೊದಲೇ ಕೇಳಿ, ಅವರು ಒಪ್ಪಿದರೆ ಹೆಸರೂ ಹಾಕಿ. ಈ ಬೆಲೆ ಯಾಕೆ ಅಂತ ಗಿರಾಕಿಗೆ ಆಗ ತಾನಾಗಿ ಗೊತ್ತಾಗುತ್ತೆ. ವಾರಕ್ಕೆ ಇಂಥ ಎರಡು ಹಾಕಿದರೆ ಸಾಕು, ದಿನಾ ‘ಶುಭೋದಯ’ ಹಾಕುವುದು ಬೇಕಿಲ್ಲ.

ವ್ಯಾಪಾರ ಕುದುರುವುದು ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲಿ, ಅಲ್ವಾ? ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ ಹಾಕಿಕೊಳ್ಳುವುದಕ್ಕೆ ದುಡ್ಡು ಕೊಡಬೇಕಿಲ್ಲ. ಅದರ ಕ್ಯಾಟಲಾಗ್‌ನಲ್ಲಿ ಸೀರೆಗಳನ್ನು ಬೆಲೆ ಸಮೇತ ಜೋಡಿಸಿ, ಲಿಂಕನ್ನು ಇನ್‌ಸ್ಟಾಗ್ರಾಂ ಬಯೋದಲ್ಲಿ (ಪರಿಚಯದ ಸಾಲುಗಳಲ್ಲಿ) ಕೊಡಿ. ರಾತ್ರಿ ಬಂದ ಮೆಸೇಜಿಗೆ ‘ಬೆಳಿಗ್ಗೆ ಉತ್ತರಿಸುತ್ತೇವೆ’ ಅಂತ ತಾನೇ ಹೋಗುವಂತೆ ಮಾಡಬಹುದು. ಬೆಳಿಗ್ಗೆ ಉತ್ತರ ಮಾತ್ರ ತಪ್ಪಬಾರದು.

ಗೂಗಲ್ ಮ್ಯಾಪ್‌ನಲ್ಲೂ ಅಂಗಡಿ ಸೇರಿಸಿ, ಎಲ್ಲ ಕಡೆ ಒಂದೇ ಹೆಸರು, ಒಂದೇ ನಂಬರು ಇರಲಿ. ಮತ್ತೆ, ಗಿರಾಕಿ ಕಳಿಸಿದ ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ. ಬ್ಯಾಂಕ್ ಖಾತೆಗೆ ದುಡ್ಡು ಬಿದ್ದಿದೆಯಾ ನೋಡಿ, ಆಮೇಲೆ ಕಳಿಸಿ.