ಗೂಡ್ಸ್ ಡಬ್ಬಿಯ ಮೇಲೆ ಗ್ರಾಫಿಟಿ: ಮೊದಲು ಇಸವಿ ನೋಡಿ

ಶಿಕಾಗೊ ಪಕ್ಕದ ನೇಪರ್‌ವಿಲ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಮನೆಯ ನೆಲಮಾಳಿಗೆಯಲ್ಲಿ ಅವರದ್ದೊಂದು ಎಚ್‌ಒ ಅಳತೆಯ (ನಿಜದ್ದರ 87ರಲ್ಲಿ ಒಂದು ಪಾಲು) ಮಾದರಿ ರೈಲು ಇದೆ. ಒಂದು ಸಂಜೆ 1980ರ ಸುಮಾರಿನ ಬರ್ಲಿಂಗ್ಟನ್ ನಾರ್ದರ್ನ್ (ಬಿಎನ್) ರೈಲು ಕಂಪನಿಯ ಹಸಿರು ಎಂಜಿನ್ ಓಡಿಸುತ್ತಾರೆ, ಇನ್ನೊಂದು ಸಂಜೆ ಅದೇ ಕಂಪನಿ ಸಾಂಟಾ ಫೆ ಜೊತೆ ಸೇರಿ ಆದ ಇವತ್ತಿನ ಬಿಎನ್‌ಎಸ್‌ಎಫ್‌ನ ಕಿತ್ತಳೆ ಎಂಜಿನ್. ಮಗಳು "ಅಪ್ಪಾ, ನಿಮ್ಮ ಡಬ್ಬಿಗಳೆಲ್ಲ ಈಗಷ್ಟೇ ಅಂಗಡಿಯಿಂದ ಬಂದ ಹಾಗಿವೆ, ಗ್ರಾಫಿಟಿ ಎಲ್ಲಿ?" ಅಂತ ಕೇಳಿದ್ದಾಳೆ. ಕ್ಲಬ್ಬಿನ ಗೆಳೆಯರು "ಅದು ಅಪರಾಧ, ಅದನ್ನು ಮೆರೆಸುವುದು ಸರಿಯಲ್ಲ" ಎಂದಿದ್ದಾರೆ. ಏನು ಮಾಡಲಿ, ಕನ್ನಡದಲ್ಲಿ ಏನಾದರೂ ಬರೆಯಬಹುದೇ ಎಂದು ಇವರ ಪ್ರಶ್ನೆ.

ನಮಸ್ಕಾರ. ನಿಮ್ಮಲ್ಲಿ ಇರುವುದು ಎರಡು ಕಾಲದ ಎರಡು ಗಾಡಿ. ಹಾಗಾಗಿ ಉತ್ತರವೂ ಎರಡು. ಗ್ರಾಫಿಟಿ, ಅಂದರೆ ಡಬ್ಬಿಯ ಮೇಲೆ ಸ್ಪ್ರೇ ಬಣ್ಣದಿಂದ ಗೀಚಿದ ಬರಹ, ಬರೀ ಅಲಂಕಾರವಲ್ಲ, ಅದು ಇಸವಿ ಹೇಳುತ್ತದೆ. ಹಸಿರು ಎಂಜಿನ್ನಿನ ಹಿಂದೆ ಬಣ್ಣಬಣ್ಣದ ದಪ್ಪಕ್ಷರದ ಡಬ್ಬಿ ಸೇರಿಸಿದರೆ ವಿಷಯ ಬಲ್ಲವರು ಕೂಡಲೇ ಹಿಡಿಯುತ್ತಾರೆ.

ಕಾರಣ ನ್ಯೂಯಾರ್ಕಿನಲ್ಲಿದೆ. ಎಪ್ಪತ್ತರ ದಶಕದಲ್ಲಿ ಸ್ಪ್ರೇ ಡಬ್ಬಿ ಹಿಡಿದ ಹುಡುಗರು ಮುಗಿಬಿದ್ದದ್ದು ಅಲ್ಲಿನ ಸಬ್‌ವೇ ಗಾಡಿಗಳ ಮೇಲೆ. ಸಾರಿಗೆ ಇಲಾಖೆ ವರ್ಷಗಟ್ಟಲೆ ತೊಳೆದೂ ತೊಳೆದೂ, ಕೊನೆಗೆ 1989ರ ಮೇ 12ರಂದು ಗೀಚಿದ ಕೊನೆಯ ಗಾಡಿಯನ್ನೂ ಓಡಾಟದಿಂದ ತೆಗೆಯಿತು. ಬರೆದದ್ದು ಮರುದಿನವೇ ಅಳಿಸಿಹೋಗುತ್ತದೆ ಅಂದಮೇಲೆ ಅಲ್ಲಿ ಬರೆದು ಏನು ಲಾಭ? ಗೂಡ್ಸ್ ಡಬ್ಬಿಯನ್ನು ಯಾರೂ ತೊಳೆಯುವುದಿಲ್ಲ, ಮೇಲಾಗಿ ಅದು ಇಡೀ ಖಂಡ ಸುತ್ತುತ್ತದೆ. ಎಂಬತ್ತರ ದಶಕದ ಕೊನೆಯಿಂದ ಅವರ ಕಣ್ಣು ಅತ್ತ ತಿರುಗಿತು. ಅದಕ್ಕೂ ಮುಂಚೆ ಗೂಡ್ಸ್ ಮೇಲೆ ಸ್ಪ್ರೇ ಕಾಣುತ್ತಿದ್ದದ್ದು ಅಲ್ಲೊಂದು ಇಲ್ಲೊಂದು ಅಷ್ಟೇ.

ಹಾಗಂತ 1980ರ ಡಬ್ಬಿ ಬೋಳಾಗಿತ್ತು ಅಂತಲ್ಲ. ಅದರ ಮೇಲೆ ಚಾಕ್‌ಪೀಸು ಮತ್ತು ಎಣ್ಣೆಬಳಪದ ಬರಹ ಇರುತ್ತಿತ್ತು. ಯಾರ್ಡ್ ನೌಕರರು ಯಾವ ಡಬ್ಬಿ ಎಲ್ಲಿಗೆ ಅಂತ ಗುರುತು ಹಾಕುತ್ತಿದ್ದರು. ಅವರಲ್ಲೇ ಕೆಲವರು, ಜೊತೆಗೆ ಟಿಕೆಟ್ ಇಲ್ಲದೆ ಊರೂರು ಅಲೆಯುವವರು, ತಮ್ಮದೊಂದು ಸಣ್ಣ ಚಿತ್ರ ಬಿಡಿಸುತ್ತಿದ್ದರು. ಸೇಂಟ್ ಲೂಯಿಸ್‌ನ ರೈಲ್ವೆ ನೌಕರನೊಬ್ಬ "ಹರ್ಬಿ" ಅನ್ನುವ ಹೆಸರಿನಲ್ಲಿ, ತಾಳೆಮರದ ಕೆಳಗೆ ದೊಡ್ಡ ಟೋಪಿ ಮುಖಕ್ಕೆ ಎಳೆದುಕೊಂಡು ತೂಕಡಿಸುವ ಮನುಷ್ಯನನ್ನು ಸಾವಿರಾರು ಡಬ್ಬಿಗಳ ಮೇಲೆ ಬರೆದ. "ಬೋಜೊ ಟೆಕ್ಸೀನೊ" ಅನ್ನುವ ಅಗಲ ಟೋಪಿಯ ಮುಖವಂತೂ ಅದಕ್ಕಿಂತ ಹಳೆಯದು. ನನ್ನನ್ನು ಕೇಳಿದರೆ ಸ್ಪ್ರೇಗಿಂತ ಇವೇ ಚೆಂದ.

ಇವನ್ನು ಮಾಡುವುದಕ್ಕೆ ಖರ್ಚೂ ಇಲ್ಲ. ಡಬ್ಬಿಗೆ ಮ್ಯಾಟ್ ವಾರ್ನಿಶ್ ಹೊಡೆದು, ಬಿಳಿ ಬಣ್ಣದ ಪೆನ್ಸಿಲನ್ನು ಸೂಜಿಯ ಹಾಗೆ ಚೂಪು ಮಾಡಿ ಬರೆಯಿರಿ. ನಿಮ್ಮ ಅಳತೆ 1:87. ಒಂದು ಅಡಿ ಎತ್ತರದ ಚಿತ್ರ ನಿಮ್ಮಲ್ಲಿ ಮೂರೂವರೆ ಮಿಲಿಮೀಟರ್ ಆಗುತ್ತದೆ. ಜಾಸ್ತಿ ದೊಡ್ಡದು ಮಾಡಿದಿರೋ, ಕೆಟ್ಟಿತು. ಇದರ ಜೊತೆಗೆ ಬಣ್ಣದ ಅಡ್ಡಪಟ್ಟಿಗಳ ಕಾರ್‌ಟ್ರ್ಯಾಕ್ ಫಲಕವನ್ನೂ ಮರೆಯಬೇಡಿ. ಡಬ್ಬಿಯ ನಂಬರನ್ನು ಯಂತ್ರದಿಂದ ಓದಿಸುವ ಆ ಯೋಜನೆಯನ್ನು 1977ರಲ್ಲೇ ಕೈಬಿಟ್ಟರು. ಆದರೆ ಕೊಳೆ ಹಿಡಿದ ಫಲಕಗಳು 1980ರಲ್ಲೂ ಹಾಗೇ ಉಳಿದಿದ್ದವು.

ಇನ್ನು ಕಿತ್ತಳೆ ಎಂಜಿನ್ನಿನ ಗಾಡಿ. ಇದಕ್ಕೆ ಗ್ರಾಫಿಟಿ ಬೇಕು, ನಿಮ್ಮ ಮಗಳು ಹೇಳಿದ್ದು ಸರಿ. ಎಷ್ಟು ಡಬ್ಬಿಗೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರ ಸ್ಟೇಷನ್ ಮುಂದೆಯೇ ಬಿಎನ್‌ಎಸ್‌ಎಫ್‌ನ ಮೂರು ಹಳಿ ಹೋಗುತ್ತವಲ್ಲ, ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಂದು ಗೂಡ್ಸನ್ನು ಫೋನಿನಲ್ಲಿ ವಿಡಿಯೊ ಮಾಡಿ, ಮನೆಗೆ ಬಂದು ನಿಲ್ಲಿಸಿ ನಿಲ್ಲಿಸಿ ನೋಡಿ. ಎಲ್ಲ ಕಡೆ ಮುಚ್ಚಿದ ಬಾಕ್ಸ್‌ಕಾರ್, ಸರಕನ್ನು ತಣ್ಣಗಿಡುವ ಬಿಳಿ ರೀಫರ್, ಧಾನ್ಯ ತುಂಬುವ ಹಾಪರ್, ಕಾರು ಸಾಗಿಸುವ ಎತ್ತರದ ಡಬ್ಬಿ, ಇವುಗಳ ಮೇಲೆಯೇ ಹೆಚ್ಚು. ಎಂಜಿನ್ ಮೇಲೆ ಕಾಣುವುದು ತೀರಾ ಅಪರೂಪ. ಎಂಜಿನ್ನಿಗೆ ಬರೆಯಲೇಬೇಡಿ.

ಮಾದರಿಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪು ಎತ್ತರದ್ದು. ನೆಲದ ಮೇಲೆ ನಿಂತವನ ಕೈ ಸುಮಾರು ಎರಡೂಕಾಲು ಮೀಟರ್ ತನಕ ಹೋಗುತ್ತದೆ. ನಿಮ್ಮ ಅಳತೆಯಲ್ಲಿ ಅದು 26 ಮಿಲಿಮೀಟರ್. ಅಂದರೆ ಡಬ್ಬಿಯ ಕೆಳಗಿನ ಅರ್ಧ. ಏಣಿ ತಂದು ತುದಿ ತನಕ ಬರೆಯುವವರೂ ಇದ್ದಾರೆ, ಆದರೆ ಅಂಥದ್ದು ಇಡೀ ಗಾಡಿಗೆ ಒಂದು ಸಾಕು. ಎರಡನೆಯದು ನಂಬರು. ಪಳಗಿದವರು ಡಬ್ಬಿಯ ನಂಬರನ್ನೂ ತೂಕದ ವಿವರವನ್ನೂ ಮುಚ್ಚುವುದಿಲ್ಲ. ಮುಚ್ಚಿದರೆ ಕಂಪನಿ ಅದರ ಮೇಲೆ ಚೌಕವಾಗಿ ಬಣ್ಣ ಬಳಿದು ನಂಬರನ್ನು ಹೊಸದಾಗಿ ಬರೆಸುತ್ತದೆ, ಚಿತ್ರ ಹಾಳಾಗುತ್ತದೆ. ಒಂದು ಡಬ್ಬಿಗೆ ಬೇಕಂತಲೇ ಅಂಥ ತೇಪೆ ಹಾಕಿ ನೋಡಿ, ಗ್ರಾಫಿಟಿಗಿಂತ ಅದೇ ಹೆಚ್ಚು ನಂಬಿಸುತ್ತದೆ. ಬದಿಯಲ್ಲಿ ಹಳದಿ ಪ್ರತಿಫಲನ ಪಟ್ಟಿಯೂ ಇರಲಿ. 2005ರ ನಿಯಮದ ನಂತರ ಬಂದದ್ದು ಅದು.

ಗ್ರಾಫಿಟಿಯ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಮುದ್ರಿತ ಚಿತ್ರ) ಅಂಟಿಸುವ ಮೊದಲು ಆ ಜಾಗಕ್ಕೆ ಹೊಳಪಿನ ವಾರ್ನಿಶ್ ಕೊಡಿ. ಅಂಟಿಸಿದ ಮೇಲೆ ಮೈಕ್ರೊ ಸಾಲ್ ಅನ್ನುವ ದ್ರವ ಸವರಿದರೆ ಅದು ಮೆತ್ತಗಾಗಿ ಡಬ್ಬಿಯ ಏಣುಗಳ ಮೇಲೆ ಕೂರುತ್ತದೆ. ಸುಕ್ಕು ಕಂಡರೆ ಬೆರಳಿನಿಂದ ಒತ್ತಬೇಡಿ, ಸುಮ್ನೆ ಬಿಡಿ, ಒಣಗುವಾಗ ತಾನೇ ಇಳಿಯುತ್ತದೆ. ಒಣಗಿದ ಮೇಲೆ ಬಾಗಿಲಿನ ಸಂದಿನಲ್ಲಿ ಬ್ಲೇಡ್ ಎಳೆಯಿರಿ. ಕೊನೆಗೆ ತೆಳು ಕಂದು ಬಣ್ಣದ ನೀರು ಹರಿಸಿ, ತುಕ್ಕಿನ ಗೆರೆ ಅಕ್ಷರಗಳ ಮೇಲೂ ಇಳಿಯಬೇಕು. ಗ್ರಾಫಿಟಿಯೂ ಆ ಡಬ್ಬಿಯ ಜೊತೆ ಬಿಸಿಲು ಮಳೆ ತಿಂದಿದೆ ಅಲ್ವಾ?

ನಿಮ್ಮ ಗೆಳೆಯರ ಮಾತಿಗೆ ಬರೋಣ. ನಿಜವಾದ ಯಾರ್ಡಿಗೆ ನುಗ್ಗಿ ಬರೆಯುವುದು ಅಪರಾಧ, ಜೀವಕ್ಕೂ ಅಪಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲಮಾಳಿಗೆಯ ಮೂರೂವರೆ ಸೆಂಟಿಮೀಟರ್ ಅಗಲದ ಡಬ್ಬಿಯಿಂದ ಯಾರಿಗೂ ಕುಮ್ಮಕ್ಕು ಸಿಗುವುದಿಲ್ಲ. ಅವರ ಮಾದರಿ ರೈಲಿನ ಊರಿನಲ್ಲಿ ಕಿಟಕಿ ಗಾಜು ಒಡೆದ ಕಾರ್ಖಾನೆ ಇದ್ದರೆ, ಕಲ್ಲು ಹೊಡೆದವನನ್ನು ಮೆರೆಸಿದ ಹಾಗಾಯಿತೇ? ಇಷ್ಟವಿಲ್ಲದಿದ್ದರೆ ಹಾಕದೇ ಇರಲಿ, "ನನಗೆ ಅದು ಚೆಂದ ಕಾಣಲ್ಲ" ಅಂದರೆ ಸಾಕು, ಅದಕ್ಕೆ ಯಾರೂ ಎದುರಾಡುವುದಿಲ್ಲ. ಒಂದು ಎಚ್ಚರ ಮಾತ್ರ ನನ್ನದು: ಬೇರೊಬ್ಬರ ಚಿತ್ರದ ಫೋಟೊ ತೆಗೆದು ಡೆಕಾಲ್ ಮಾಡಿ ಮಾರಲು ಹೋಗಬೇಡಿ.

ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ, ಒಂದೇ ಡಬ್ಬಿಗೆ. ಆದರೆ "ಸಿರಿಗನ್ನಡಂ ಗೆಲ್ಗೆ" ಬೇಡ. ಗೀಚುವವರು ಸಾಮಾನ್ಯವಾಗಿ ಬರೆಯುವುದು ಘೋಷಣೆಯಲ್ಲ, ತಮ್ಮದೇ ಅಡ್ಡಹೆಸರು. ಎರಡೋ ಮೂರೋ ಅಕ್ಷರ, ಒಂದಕ್ಕೊಂದು ಹೆಣೆದುಕೊಂಡ ಹಾಗೆ. ಮಗಳ ಕೈಯಲ್ಲೇ ಬರೆಸಿ.

ಇನ್ನೊಂದು ಮಾತು. 1974ರ ಮಧ್ಯದ ನಂತರ ಕಟ್ಟಿದ ಡಬ್ಬಿಗಳಿಗೆ ಅಮೆರಿಕದಲ್ಲಿ 50 ವರ್ಷ ಓಡುವ ಅವಕಾಶವಿದೆ. 1978ರ ಬಿಎನ್ ಹಸಿರು ಬಾಕ್ಸ್‌ಕಾರ್ ಬಿಎನ್‌ಎಸ್‌ಎಫ್ ಕಾಲದಲ್ಲೂ ಓಡಬಹುದು. ಒಂದೇ ಥರದ ಎರಡು ಕೊಂಡು, ಒಂದಕ್ಕೆ ಚಾಕ್‌ಪೀಸಿನ ಹರ್ಬಿ, ಇನ್ನೊಂದಕ್ಕೆ ಮಾಸಿದ ಹಸಿರು, ತೇಪೆ, ಗ್ರಾಫಿಟಿ ಮಾಡಿ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಫೋಟೊ ಕಳಿಸಿದರೆ ಪತ್ರಿಕೆಯಲ್ಲಿ ಹಾಕುತ್ತೇವೆ.