ಬಿಸಿಯಾದ ಮೇಲೆ ನಿಂತುಹೋಗುವ ಚೈನ್‌ಸಾ: ಸ್ಕ್ರೂ ಮುಟ್ಟುವ ಮೊದಲು ಇಷ್ಟು ನೋಡಿ

ನಮಸ್ಕಾರ. ಮರಗಸಿಗೆ, ಅಂದರೆ ತೋಟದ ನೆರಳುಮರಗಳನ್ನು ಸವರುವ ಕೆಲಸಕ್ಕೆ ಇಟ್ಟುಕೊಂಡಿರುವ ಚೈನ್‌ಸಾ ಬೆಳಿಗ್ಗೆ ಒಂದೆರಡು ಎಳೆತಕ್ಕೇ ಸ್ಟಾರ್ಟ್ ಆಗುತ್ತದೆ, ಎರಡು ಸಿಲ್ವರ್ ಓಕ್ ಕೊಯ್ಯುವಷ್ಟರಲ್ಲಿ ನಿಂತು ಮತ್ತೆ ಏಳುವುದಿಲ್ಲ, ಜೊತೆಗೆ ಕೊಯ್ತ ಬಲಕ್ಕೆ ವಾಲಿ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಹೊಗೆಯಾಡುತ್ತದೆ ಎಂದು ಸಕಲೇಶಪುರದಿಂದ ಬರೆದಿದ್ದೀರಿ. ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ನೋಡಲೇ ಎಂದೂ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ಎಂಜಿನ್ ನಿಲ್ಲುವುದು ಒಂದು ತೊಂದರೆ, ಕೊಯ್ತ ವಾಲುವುದು ಬೇರೆಯೇ ತೊಂದರೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲು ಎಂಜಿನ್. ನಿಂತ ಮೇಲೆ ಸ್ವಲ್ಪ ಆರಲು ಬಿಟ್ಟು, ಬೆಂಕಿ ಬೀಡಿಗಳಿಂದ ದೂರವಿಟ್ಟು, ಪೆಟ್ರೋಲ್ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಗಾಳಿ ಒಳಕ್ಕೆ ಎಳೆದುಕೊಂಡ ಸದ್ದಾಗಿ, ಆಮೇಲೆ ಯಂತ್ರ ಸರಾಗವಾಗಿ ಸ್ಟಾರ್ಟ್ ಆದರೆ, ಟ್ಯಾಂಕಿನ ಗಾಳಿಕಿಂಡಿ ಕಟ್ಟಿಕೊಂಡಿದೆ ಎಂದೇ ಅರ್ಥ. ಟ್ಯಾಂಕಿನೊಳಗೆ ಗಾಳಿ ಬಾರದಿದ್ದರೆ ಪೆಟ್ರೋಲು ಹೊರಗೆ ಹರಿಯುವುದಿಲ್ಲ. ಇದಲ್ಲವಾದರೆ ಟ್ಯಾಂಕಿನೊಳಗಿನ ಫಿಲ್ಟರನ್ನು ಕೊಕ್ಕೆ ತಂತಿಯಿಂದ ಹೊರಗೆಳೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ. ಏರ್ ಫಿಲ್ಟರ್ ಮತ್ತು ಸೈಲೆನ್ಸರ್ ಬಾಯಿಯ ಜಾಲರಿಯನ್ನೂ ಶುಚಿ ಮಾಡಿ. ಬಿಸಿ ಎಂಜಿನ್ನಿಗೆ ಚೋಕ್ ಹಾಕಿ ಎಳೆದರೆ ಪ್ಲಗ್ ಪೆಟ್ರೋಲಿನಲ್ಲಿ ನೆಂದುಹೋಗುತ್ತದೆ. ಹಾಗಾಗಿದ್ದರೆ ಪ್ಲಗ್ ಬಿಚ್ಚಿ ಒರೆಸಿ, ಸ್ವಿಚ್ ಆಫ್ ಮಾಡಿ ಚೋಕ್ ಇಲ್ಲದೆ ಏಳೆಂಟು ಬಾರಿ ಹಗ್ಗ ಎಳೆದು, ಮತ್ತೆ ಜೋಡಿಸಿ. ಪ್ಲಗ್‌ನ ಸಂದು ಸಾಮಾನ್ಯವಾಗಿ 0.5 ಮಿ.ಮೀ. ಇರಬೇಕು. ಇಷ್ಟಾದರೂ ಬಿಸಿಯಲ್ಲಿ ಮಾತ್ರ ಕಿಡಿ ಬಾರದಿದ್ದರೆ ಇಗ್ನಿಷನ್ ಕಾಯಿಲ್ ಮೇಲೆ ಸಂಶಯಪಡಬೇಕು.

ಪೆಟ್ರೋಲಿನ ವಿಷಯವನ್ನು ಹಗುರವಾಗಿ ನೋಡಬೇಡಿ. ಉತ್ತಮ ಟೂ-ಸ್ಟ್ರೋಕ್ ಆಯಿಲ್ ಆದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಬೆರೆಸಬೇಕು, ಅಂದರೆ 1:50. ನಿಮ್ಮ ಯಂತ್ರದ ಕೈಪಿಡಿ ಬೇರೆ ಪ್ರಮಾಣ ಹೇಳಿದ್ದರೆ ಅದನ್ನೇ ಪಾಲಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬೆರೆಸಿದ್ದನ್ನು ಒಂದು ತಿಂಗಳೊಳಗೆ ಮುಗಿಸಿ, ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಿ. ಇಲ್ಲದಿದ್ದರೆ ಕಾರ್ಬುರೇಟರಿನ ತೆಳು ಪೊರೆ (ಡಯಾಫ್ರಾಮ್) ಬಿರುಸಾಗುತ್ತದೆ.

ಸ್ಕ್ರೂ ಬೇಡವೆನ್ನುವುದಕ್ಕೆ ಕಾರಣವಿದೆ. ಮೂಡಿಗೆರೆ ಕಡೆಯ ನಮ್ಮ ತೋಟದ ಯಂತ್ರಕ್ಕೆ ರಿಪೇರಿ ಅಂಗಡಿಯೊಂದರಲ್ಲಿ ಎಚ್ ಸ್ಕ್ರೂ (ಪೂರ್ಣ ವೇಗದಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕೆಂದು ನಿಯಂತ್ರಿಸುವ ಸ್ಕ್ರೂ; ಬಿಗಿ ಮಾಡಿದಷ್ಟೂ ಪೆಟ್ರೋಲ್ ಕಡಿಮೆ) ಬಿಗಿ ಮಾಡಿ ಕೊಟ್ಟರು. ಸದ್ದು ತೀಕ್ಷ್ಣವಾಯಿತು, ವೇಗವೂ ಹೆಚ್ಚಿತು. ಮೂರನೆಯ ದಿನ ಪಿಸ್ಟನ್ ಕಚ್ಚಿಕೊಂಡಿತು. ಸೈಲೆನ್ಸರ್ ತೆಗೆದು ಕಿಂಡಿಯಲ್ಲಿ ನೋಡಿದರೆ ಪಿಸ್ಟನ್ನಿನ ಮೈತುಂಬ ಉದ್ದುದ್ದ ಗೀರುಗಳಿದ್ದವು. ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಮೂಲಕವೇ ಆದ್ದರಿಂದ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುತ್ತದೆ.

ಇನ್ನು ಕೊಯ್ತ ವಾಲುವುದು. ಚೈನಿನ ಎಡಹಲ್ಲು ಬಲಹಲ್ಲುಗಳ ಉದ್ದ ಒಂದೇ ಇಲ್ಲದಿದ್ದರೆ ಹೀಗಾಗುತ್ತದೆ. ಹರಿತ ಮಾಡುವಾಗ ಬಲಗೈಯವರಿಗೆ ಒಂದು ಪಕ್ಕಕ್ಕೆ ಅರ (ಫೈಲ್) ಹೆಚ್ಚು ಬಲವಾಗಿ ಓಡುವುದು ಸಹಜ. ಅತಿ ಗಿಡ್ಡ ಹಲ್ಲನ್ನು ಅಳತೆಯಾಗಿಟ್ಟುಕೊಂಡು, ಉಳಿದ ಹಲ್ಲುಗಳಿಗೆ ಒಳಗಿನಿಂದ ಹೊರಕ್ಕೆ ಮಾತ್ರ ಅರ ಹಾಕಿ ಉದ್ದ ಸಮಮಾಡಿ; ಸಮವಾದ ಮೇಲೆ ಪ್ರತಿ ಹಲ್ಲಿಗೂ ಎಣಿಸಿ ಅಷ್ಟಷ್ಟೇ ಸಲ ಹಾಕಿ. .325 ಇಂಚು ಪಿಚ್ (ಕೊಂಡಿಗಳ ಅಂತರ) ಇರುವ ಚೈನಿಗೆ 4.8 ಮಿ.ಮೀ. ದುಂಡರ ಬೇಕು; ಅರ ಹಿಡಿಯುವ ಓರೆ ಬಹುತೇಕ ಚೈನುಗಳಿಗೆ 30 ಡಿಗ್ರಿ. ಹರಿತವಾದ ಚೈನು ಚಕ್ಕೆ ಉದುರಿಸುತ್ತದೆ. ಹಿಟ್ಟಿನಂಥ ಪುಡಿ ಬಂದರೆ ಮೊಂಡಾಗಿದೆ. ನೆಲಕ್ಕೆ ಒಮ್ಮೆ ತಾಗಿದರೂ ಸಾಕು, ಅರಕ್ಕೆ ಕೆಲಸ ಬರುತ್ತದೆ. ಹಲ್ಲು ಸಮವಾದ ಮೇಲೂ ವಾಲಿದರೆ ಬಾರ್ ಅಂಚು ಸವೆದಿದೆ. ಚಪ್ಪಟೆ ಅರದಿಂದ ಸಮಮಾಡಿ, ಆಗಾಗ ಬಾರನ್ನು ತಿರುವಿಹಾಕುತ್ತಿರಿ.

ಹೊಗೆಗೆ ಕಾರಣ ಬಹುತೇಕ ಎಣ್ಣೆ ಬಾರದಿರುವುದು. ಬಾರ್ ತುದಿಯನ್ನು ಒಂದು ಹಳೆಯ ಪೇಪರ್ ಮೇಲೆ, ತಾಗದಂತೆ ಹಿಡಿದು ವೇಗ ಕೊಡಿ. ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರ್ ಬುಡದ ಎಣ್ಣೆತೂತು ಮತ್ತು ಚೈನು ಓಡುವ ಸಂದನ್ನು ತೆಳು ತಂತಿಯಿಂದ ಬಿಡಿಸಿ. ಬಳಸಿದ ಎಂಜಿನ್ ಆಯಿಲ್ ಹಾಕಬೇಡಿ. ಅದರಲ್ಲಿನ ಲೋಹದ ಪುಡಿ ಪಂಪನ್ನು ಸವೆಸುತ್ತದೆ. ಚೈನು ಬಾರಿನ ಕೆಳಗೆ ಜೋಲಬಾರದು, ಆದರೆ ಬ್ರೇಕ್ ಬಿಡಿಸಿ ಕೈಗವಸು ಹಾಕಿದ ಕೈಯಿಂದ ಎಳೆದರೆ ಸುಲಭವಾಗಿ ಓಡಬೇಕು. ಕೆಲಸ ಮುಗಿದ ಮೇಲೆ ಸಡಿಲಿಸಿಡಿ, ತಣ್ಣಗಾದಾಗ ಅದು ಕುಗ್ಗುತ್ತದೆ.

ಮುಚ್ಚಳದ ಪರೀಕ್ಷೆಯನ್ನು ನಾಳೆಯೇ ಮಾಡಿ, ಪ್ಲಗ್ ಒದ್ದೆಯಾಗಿತ್ತೇ ಒಣಗಿತ್ತೇ ಎಂಬುದನ್ನೂ ಬರೆಯಿರಿ; ಅದರ ಮೇಲೆ ಮುಂದೇನು ಬಿಚ್ಚಬೇಕೆಂದು ಹೇಳುತ್ತೇನೆ.