ಡಾಕರ್ ಗೊತ್ತಿದ್ದ ಮೇಲೂ ಕುಬರ್ನೆಟೀಸ್ ಯಾಕೆ?

"ಡಾಕರ್‌ನಲ್ಲಿ ನನ್ನ ಆ್ಯಪ್ ಚೆನ್ನಾಗಿಯೇ ಓಡುತ್ತಿದೆ. ಆದರೂ ಎಲ್ಲರೂ ಕಂಟೇನರ್ ಆರ್ಕೆಸ್ಟ್ರೇಶನ್ ಕಲಿ, ಕುಬರ್ನೆಟೀಸ್ ಕಲಿ ಅನ್ನುತ್ತಾರೆ. ಅದು ಹೆಚ್ಚಿಗೆ ಮಾಡುವುದಾದರೂ ಏನು?" ಎಂದು ಕೇಳಿದ್ದೀರಿ. (ಡಾಕರ್ ಅಂದರೆ ಆ್ಯಪ್ ಅನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಕಂಟೇನರ್ ಎಂಬ ಪೊಟ್ಟಣದಲ್ಲಿಟ್ಟು ಓಡಿಸುವ ಸಾಧನ.)

ನಿಮ್ಮದು ಒಂದೇ ಸರ್ವರ್, ಮೂರ್ನಾಲ್ಕು ಕಂಟೇನರ್, ಹತ್ತು ನಿಮಿಷ ನಿಂತರೂ ಯಾರ ಕೆಲಸವೂ ಕೆಡುವುದಿಲ್ಲ ಅಂದರೆ ಸದ್ಯಕ್ಕೆ ಬೇಡವೇ ಬೇಡ. ಹಲವು ಕಂಟೇನರ್‌ಗಳನ್ನು ಒಂದೇ ಫೈಲ್‌ನಲ್ಲಿ ಬರೆದು ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್ ಸಾಕು. ಬೇಡದ ಕಡೆ ಕುಬರ್ನೆಟೀಸ್ ತಂದಿಟ್ಟುಕೊಂಡು, ಆ್ಯಪ್‌ಗಿಂತ ಅದರ ಚಾಕರಿಯನ್ನೇ ಜಾಸ್ತಿ ಮಾಡಿದವರು ಬಹಳ ಜನ ಇದ್ದಾರೆ. ನಾನೂ ಮಾಡಿದ್ದೇನೆ.

ತೊಂದರೆ ಶುರುವಾಗುವುದು ಸರ್ವರ್‌ಗಳು ಐದಾರು, ಕಂಟೇನರ್‌ಗಳು ನಲವತ್ತೈವತ್ತು ಆದಾಗ. ಯಾವ ಸರ್ವರ್‌ನಲ್ಲಿ ಮೆಮೊರಿ ಖಾಲಿ ಇದೆ? ರಾತ್ರಿ ಎರಡಕ್ಕೆ ಒಂದು ಸರ್ವರ್ ಕೈಕೊಟ್ಟರೆ ಅದರಲ್ಲಿದ್ದ ಕಂಟೇನರ್‌ಗಳನ್ನು ಇನ್ನೊಂದರಲ್ಲಿ ಎಬ್ಬಿಸುವವರು ಯಾರು? ಹೊಸ ವರ್ಷನ್ ಹಾಕುವಾಗ ಬಳಕೆದಾರರಿಗೆ ಗೊತ್ತಾಗದಂತೆ ಹೇಗೆ ಬದಲಿಸುವುದು? ನಾವು ಇದನ್ನೆಲ್ಲ ಮೊದಲು ಒಂದು ಉದ್ದನೆಯ ಶೆಲ್ ಸ್ಕ್ರಿಪ್ಟ್‌ನಿಂದ ಮಾಡುತ್ತಿದ್ದೆವು. ಯಾವುದು ಎಲ್ಲಿ ಓಡುತ್ತಿದೆ ಎಂದು ಬರೆದಿಟ್ಟ ಟೆಕ್ಸ್ಟ್ ಫೈಲ್ ಕೂಡ ಒಂದಿತ್ತು. ಅದು ಸರಿಯಾಗಿದ್ದದ್ದು ಬರೆದ ದಿನ ಮಾತ್ರ.

ಈ ಕೆಲಸಗಳನ್ನು ಮನುಷ್ಯರ ಕೈಯಿಂದ ತೆಗೆದುಕೊಂಡು ಒಂದು ಸಾಫ್ಟ್‌ವೇರ್‌ಗೆ ಒಪ್ಪಿಸುವುದೇ ಆರ್ಕೆಸ್ಟ್ರೇಶನ್. ಡಾಕರ್ ಸ್ವಾರ್ಮ್, ನೊಮ್ಯಾಡ್ ಎಂಬ ಬೇರೆ ಸಾಧನಗಳೂ ಇವೆ. ಹೆಚ್ಚು ಬಳಕೆಯಲ್ಲಿರುವುದು ಕುಬರ್ನೆಟೀಸ್. ಗೂಗಲ್ ತನ್ನೊಳಗೆ ಬಾರ್ಗ್ ಎಂಬ ವ್ಯವಸ್ಥೆಯನ್ನು ವರ್ಷಗಟ್ಟಲೆ ನಡೆಸಿ, ಆ ಅನುಭವದ ಮೇಲೆ 2014ರಲ್ಲಿ ಇದನ್ನು ಓಪನ್ ಸೋರ್ಸ್ ಆಗಿ ಹೊರಗೆ ಬಿಟ್ಟಿತು. 1.0 ಬಂದದ್ದು 2015ರಲ್ಲಿ. ಹೆಸರು ಗ್ರೀಕ್‌ನದು, ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ.

ಒಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ. ಡಾಕರ್‌ಗೆ ನೀವು ಅಪ್ಪಣೆ ಕೊಡುತ್ತೀರಿ: ಈ ಕಂಟೇನರ್ ಓಡಿಸು, ಅದನ್ನು ನಿಲ್ಲಿಸು. ಕುಬರ್ನೆಟೀಸ್‌ಗೆ ಹಾಗಲ್ಲ, ಏನಿರಬೇಕು ಎಂದು ಬರೆದುಕೊಡುತ್ತೀರಿ: ಈ ಆ್ಯಪ್‌ನ ಮೂರು ಪ್ರತಿ ಸದಾ ಇರಬೇಕು. ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡಿನ ವಾಲ್ವ್ ಇರುತ್ತದಲ್ಲ, ಹಾಗೆ. ಇಪ್ಪತ್ತು ಲೀಟರ್ ಬಿಡು ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. ಮಟ್ಟ ಇಳಿದರೆ ತೆರೆಯುತ್ತದೆ, ತುಂಬಿದರೆ ಮುಚ್ಚುತ್ತದೆ. ನೀರು ಖರ್ಚಾಯಿತೋ, ತೊಟ್ಟಿ ಸೋರುತ್ತಿದೆಯೋ, ಅದಕ್ಕೆ ಬೇಕಿಲ್ಲ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಲ್ಯಾಪ್‌ಟಾಪ್‌ನಲ್ಲೇ ಪುಟ್ಟ ಕುಬರ್ನೆಟೀಸ್ ಓಡಿಸುವ ಮಿನಿಕ್ಯೂಬ್ ಅಥವಾ ಕೈಂಡ್ ಹಾಕಿಕೊಳ್ಳಿ. ಮೂರು ಪ್ರತಿ ಎಂದು ಬರೆದ ಒಂದು ಡಿಪ್ಲಾಯ್‌ಮೆಂಟ್ (ಏನಿರಬೇಕು ಎಂದು ಬರೆದುಕೊಡುವ ದಾಖಲೆ) ಮಾಡಿ. ಮೂರು ಪಾಡ್ ಕಾಣುತ್ತವೆ. ಪಾಡ್ ಅಂದರೆ ಒಂದು ಅಥವಾ ಒಟ್ಟಿಗೇ ಇರಬೇಕಾದ ಕೆಲವು ಕಂಟೇನರ್‌ಗಳ ಗುಂಪು, ಇಲ್ಲಿಯ ಅತಿ ಚಿಕ್ಕ ಘಟಕ. ಈಗ ಒಂದು ಪಾಡ್ ಡಿಲೀಟ್ ಮಾಡಿ ಮತ್ತೆ ಪಟ್ಟಿ ನೋಡಿ. ಮತ್ತೆ ಮೂರು! ಒಂದರ ಹೆಸರು ಮಾತ್ರ ಹೊಸದು.

ಆ ಒಂದೆರಡು ಸೆಕೆಂಡಿನಲ್ಲಿ ಆದದ್ದು ಇಷ್ಟು. ಮೂರು ಇರಬೇಕಾದಲ್ಲಿ ಎರಡಿದೆ ಎಂದು ಒಂದು ಕಂಟ್ರೋಲರ್ ಗಮನಿಸಿತು. ಹೊಸ ಪಾಡ್ ಬೇಕು ಎಂದು ಒಂದು ದಾಖಲೆ ಬರೆದು ಸುಮ್ಮನಾಯಿತು. ಯಾವ ಸರ್ವರ್ ಎನ್ನುವ ಜಾಗ ಅದರಲ್ಲಿ ಖಾಲಿ. ಖಾಲಿ ಜಾಗ ಇರುವ ದಾಖಲೆಗಳನ್ನೇ ಹುಡುಕುತ್ತಿರುವ ಷೆಡ್ಯೂಲರ್ ಅದನ್ನು ಕಂಡು, ಒಂದು ಸರ್ವರ್ ಆರಿಸಿ ಹೆಸರು ತುಂಬಿತು. ಆ ಸರ್ವರ್‌ನಲ್ಲಿ ಕೂತಿರುವ ಕ್ಯೂಬ್ಲೆಟ್ ಎಂಬ ಕುಬರ್ನೆಟೀಸ್‌ನ ಪ್ರತಿನಿಧಿ ತನ್ನ ಹೆಸರು ಕಂಡೊಡನೆ ಇಮೇಜ್ (ಕಂಟೇನರ್ ಹುಟ್ಟುವ ಸಿದ್ಧ ಅಚ್ಚು) ತರಿಸಿ ಕಂಟೇನರ್ ಶುರು ಮಾಡಿಸಿತು. ಇವು ಮೂರೂ ಒಂದರ ಜೊತೆ ಒಂದು ನೇರವಾಗಿ ಮಾತಾಡಲೇ ಇಲ್ಲ. ಎಲ್ಲರೂ ನೋಡುವುದು, ಬರೆಯುವುದು ಎಪಿಐ ಸರ್ವರ್ ಮೂಲಕ. ದಾಖಲೆಗಳು ಉಳಿಯುವುದು ಎಟ್‌ಸಿಡಿ ಎಂಬ ಡೇಟಾಬೇಸ್‌ನಲ್ಲಿ. ನನಗೆ ಈ ವಿನ್ಯಾಸ ಬಹಳ ಇಷ್ಟ. ಷೆಡ್ಯೂಲರ್ ಸ್ವಲ್ಪ ಹೊತ್ತು ಸತ್ತರೂ ಓಡುತ್ತಿರುವ ಪಾಡ್‌ಗಳಿಗೆ ಏನೂ ಆಗುವುದಿಲ್ಲ. ಹೊಸವು ಮಾತ್ರ ಕಾಯುತ್ತವೆ.

ಇಡೀ ಸರ್ವರ್ ಹೋದರೆ ಮಾತ್ರ ಇಷ್ಟು ಬೇಗ ಆಗುವುದಿಲ್ಲ, ಇಲ್ಲಿ ಹೊಸಬರು ಗಾಬರಿಯಾಗುತ್ತಾರೆ. ಸರ್ವರ್ ಸುದ್ದಿಯಿಲ್ಲ ಎಂದು ಗುರುತಾದ ಮೇಲೂ ಡಿಫಾಲ್ಟ್ ಆಗಿ 5 ನಿಮಿಷ ಕಾದು, ಆಮೇಲೆ ಅದರ ಪಾಡ್‌ಗಳನ್ನು ಬೇರೆ ಕಡೆ ಎಬ್ಬಿಸುತ್ತದೆ. ನೆಟ್‌ವರ್ಕ್ ಒಂದು ನಿಮಿಷ ಹೋಗಿ ಬಂದರೆ ಸುಮ್ನೆ ಎಲ್ಲ ಕಿತ್ತು ಹಾಕಬಾರದು, ಅಲ್ವಾ? ಬೇಕಾದರೆ ಆ ಕಾಯುವ ಹೊತ್ತನ್ನು ಕಡಿಮೆ ಮಾಡಬಹುದು.

ಪಾಡ್ ಸತ್ತು ಹುಟ್ಟಿದಾಗಲೆಲ್ಲ ಐಪಿ ವಿಳಾಸ ಬದಲಾಗುತ್ತದೆ. ಅದಕ್ಕೇ ಸರ್ವಿಸ್ ಇರುವುದು: ಬದಲಾಗದ ಒಂದು ಹೆಸರು, ಅದರ ಹಿಂದೆ ಸದ್ಯ ಬದುಕಿರುವ ಪಾಡ್‌ಗಳು. ಸೆಟ್ಟಿಂಗ್‌ಗಳಿಗೆ ಕಾನ್ಫಿಗ್‌ಮ್ಯಾಪ್, ಪಾಸ್‌ವರ್ಡ್‌ಗಳಿಗೆ ಸೀಕ್ರೆಟ್. ಸೀಕ್ರೆಟ್ ಎಂಬ ಹೆಸರು ನೋಡಿ ಮೋಸ ಹೋಗಬೇಡಿ. ಅಲ್ಲಿ ಕಾಣುವುದು ಬರೀ ಬೇಸ್64, ಅಂದರೆ ಬೀಗವಿಲ್ಲದ, ಬರೆಯುವ ರೀತಿ ಮಾತ್ರ ಬದಲಾದ ರೂಪ, ಯಾರು ಬೇಕಾದರೂ ಬಿಡಿಸಿ ಓದಬಹುದು.

ಮೆಮೊರಿ, ಸಿಪಿಯು ವಿಚಾರದಲ್ಲಿ ಎರಡು ಅಂಕಿ ಬರೆಯುತ್ತೀರಿ. ರಿಕ್ವೆಸ್ಟ್ ಅಂದರೆ ಇಷ್ಟು ಕಾದಿರಿಸು, ಲಿಮಿಟ್ ಅಂದರೆ ಇದಕ್ಕಿಂತ ಮೇಲೆ ಬಿಡಬೇಡ. ಜಾಗ ಹುಡುಕುವಾಗ ಷೆಡ್ಯೂಲರ್ ಲೆಕ್ಕ ಹಾಕುವುದು ರಿಕ್ವೆಸ್ಟ್‌ಗಳನ್ನು ಮಾತ್ರ, ನಿಜವಾಗಿ ಎಷ್ಟು ಖರ್ಚಾಗುತ್ತಿದೆ ಎನ್ನುವುದನ್ನಲ್ಲ. ಸುಳ್ಳು ಬರೆದರೆ ಸುಳ್ಳನ್ನೇ ನಂಬುತ್ತದೆ. ಸಿಪಿಯು ಲಿಮಿಟ್ ದಾಟಿದರೆ ಆ್ಯಪ್ ನಿಧಾನವಾಗುತ್ತದೆ ಅಷ್ಟೆ. ಮೆಮೊರಿ ಲಿಮಿಟ್ ದಾಟಿದರೆ ಕೊಲ್ಲುತ್ತದೆ. ಸತ್ತ ಕಂಟೇನರ್ ಬಿಟ್ಟುಹೋಗುವ ಅಂಕಿ, ಅಂದರೆ ಎಕ್ಸಿಟ್ ಕೋಡ್, 137 ಎಂದು ಕಂಡರೆ ಮೊದಲು ಅದನ್ನೇ ಅನುಮಾನಿಸಿ.

ಈಗ ನಾವು ಪೆಟ್ಟು ತಿಂದ ಕಥೆ. ಪಾಡ್‌ನ ಆರೋಗ್ಯ ವಿಚಾರಿಸಲು ಪ್ರೋಬ್ ಎಂಬ ತಪಾಸಣೆಗಳಿವೆ, ಅವುಗಳಲ್ಲಿ ಎರಡು ಬಗೆ ಇಲ್ಲಿ ಮುಖ್ಯ. ಲೈವ್‌ನೆಸ್ ಸೋತರೆ ಕಂಟೇನರ್ ರೀಸ್ಟಾರ್ಟ್ ಆಗುತ್ತದೆ. ರೆಡಿನೆಸ್ ಸೋತರೆ ರೀಸ್ಟಾರ್ಟ್ ಇಲ್ಲ, ಆ ಪಾಡ್‌ಗೆ ಟ್ರಾಫಿಕ್ ಕಳಿಸುವುದನ್ನು ಮಾತ್ರ ನಿಲ್ಲಿಸುತ್ತದೆ. ನಾವು ಜಾಣತನ ಮಾಡಲು ಹೋಗಿ ಲೈವ್‌ನೆಸ್ ಒಳಗೇ ಡೇಟಾಬೇಸ್‌ಗೆ ಒಂದು ಕ್ವೆರಿ ಇಟ್ಟಿದ್ದೆವು. ಒಂದು ಮಧ್ಯಾಹ್ನ ಯಾವುದೋ ದೊಡ್ಡ ರಿಪೋರ್ಟ್‌ನಿಂದ ಡೇಟಾಬೇಸ್ ನಿಧಾನವಾಯಿತು. ಉತ್ತರ ಬರಲು ಮೂರು ಸೆಕೆಂಡ್. ಪ್ರೋಬ್ ಡಿಫಾಲ್ಟ್ ಆಗಿ ಕಾಯುವುದು 1 ಸೆಕೆಂಡ್, 10 ಸೆಕೆಂಡಿಗೊಮ್ಮೆ ಕೇಳುತ್ತದೆ, ಸತತ 3 ಸಲ ಸೋತರೆ ಮುಗಿಯಿತು. ಅರ್ಧ ನಿಮಿಷದಲ್ಲಿ ನಮ್ಮ ಅಷ್ಟೂ ಪಾಡ್‌ಗಳು ರೀಸ್ಟಾರ್ಟ್. ಪ್ರತಿಯೊಂದೂ ಎದ್ದ ಕೂಡಲೇ ಕ್ಯಾಶ್ (ಪದೇ ಪದೇ ಬೇಕಾಗುವ ಮಾಹಿತಿಯ ತಾತ್ಕಾಲಿಕ ಸಂಗ್ರಹ) ತುಂಬಿಕೊಳ್ಳಲು ಅದೇ ಡೇಟಾಬೇಸ್‌ಗೆ ಮುಗಿಬಿತ್ತು. ಅದು ಇನ್ನಷ್ಟು ಬಳಲಿತು, ಪಾಡ್‌ಗಳು ಮತ್ತೆ ಸೋತವು, ಮತ್ತೆ ರೀಸ್ಟಾರ್ಟ್. ತಾನಾಗಿಯೇ ಸರಿಹೋಗಬಹುದಾಗಿದ್ದ ಸುಸ್ತನ್ನು ನಾವು ಒಂದು ಗಂಟೆಯ ಅನಾಹುತ ಮಾಡಿಕೊಂಡೆವು. ತೊಟ್ಟಿ ಸೋರುತ್ತಿತ್ತು, ವಾಲ್ವ್ ನೀರು ಬಿಡುತ್ತಲೇ ಇತ್ತು.

ಆಮೇಲೆ ಲೈವ್‌ನೆಸ್‌ನಿಂದ ಡೇಟಾಬೇಸ್ ಕಿತ್ತು ಹಾಕಿದೆವು. ಈ ಪ್ರಾಸೆಸ್ ಸಿಕ್ಕಿಹಾಕಿಕೊಂಡಿದೆಯೇ ಎಂಬ ಒಂದೇ ಪ್ರಶ್ನೆ ಉಳಿಸಿದೆವು. ಡೇಟಾಬೇಸ್ ಕ್ವೆರಿಯನ್ನು ರೆಡಿನೆಸ್‌ಗೆ ಹಾಕಿದರೂ ಯೋಚಿಸಿ ಹಾಕಿ, ಎಲ್ಲ ಪಾಡ್‌ಗಳೂ ಒಟ್ಟಿಗೇ ಸೋತರೆ ಸರ್ವಿಸ್‌ನ ಹಿಂದೆ ಯಾರೂ ಇರುವುದಿಲ್ಲ. ನನ್ನನ್ನು ಕೇಳಿದರೆ, ಕೆಟ್ಟ ಲೈವ್‌ನೆಸ್ ಇಡುವುದಕ್ಕಿಂತ ಇಡದಿರುವುದೇ ಮೇಲು. ಕ್ರ್ಯಾಶ್ ಆದ ಪ್ರಾಸೆಸ್ ಅನ್ನು ಕುಬರ್ನೆಟೀಸ್ ಹೇಗೂ ಮತ್ತೆ ಎಬ್ಬಿಸುತ್ತದೆ.

ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್ ಎಂಬ ಮಾತು ನಿಮಗೆ ಖಂಡಿತ ಎದುರಾಗುತ್ತದೆ. ಅದು ಕಾಯಿಲೆಯ ಹೆಸರಲ್ಲ. ನಿಮ್ಮ ಆ್ಯಪ್ ಎದ್ದೆದ್ದು ಬೀಳುತ್ತಿದೆ, ಹಾಗಾಗಿ 10 ಸೆಕೆಂಡ್, 20, 40 ಹೀಗೆ 5 ನಿಮಿಷದವರೆಗೆ ತಡ ಮಾಡುತ್ತಾ ಎಬ್ಬಿಸುತ್ತಿದ್ದೇನೆ ಎಂದಷ್ಟೇ ಅದರ ಅರ್ಥ. ಕಾರಣ ಬೇಕಾದರೆ ಹಿಂದಿನ ಸಲ ಸತ್ತ ಕಂಟೇನರ್‌ನ ಲಾಗ್ ನೋಡಬೇಕು. ಲಾಗ್ಸ್ ಕಮಾಂಡ್‌ಗೆ ಪ್ರೀವಿಯಸ್ ಎಂದು ಸೇರಿಸಿದರೆ ಅದು ಸಿಗುತ್ತದೆ.

ಕುಬರ್ನೆಟೀಸ್ ಡಾಕರ್ ಅನ್ನು ಕೈಬಿಟ್ಟಿತಂತೆ, ಹಾಗಾದರೆ ಡಾಕರ್ ಕಲಿತದ್ದು ದಂಡವೇ ಎಂಬ ಭಯ ಬೇಡ. 2022ರ 1.24 ವರ್ಷನ್‌ನಲ್ಲಿ ಕುಬರ್ನೆಟೀಸ್ ಕೈಬಿಟ್ಟದ್ದು ಡಾಕರ್ ಎಂಜಿನ್ ಜೊತೆಗಿನ ತನ್ನ ಒಳಗಿನ ಜೋಡಣೆಯನ್ನು. ನೀವು ಡಾಕರ್‌ನಲ್ಲಿ ಮಾಡಿದ ಇಮೇಜ್‌ಗಳು ಕಂಟೇನರ್ ಓಡಿಸುವ ಇನ್ನೊಂದು ಸಾಫ್ಟ್‌ವೇರ್ ಆದ ಕಂಟೇನರ್‌ಡಿ ಮೇಲೆ ಹಾಗೆಯೇ ಓಡುತ್ತವೆ.

ಕಲಿಯುವಾಗ ಡೇಟಾಬೇಸ್ ಅನ್ನು ಕ್ಲಸ್ಟರ್ (ಕುಬರ್ನೆಟೀಸ್ ನೋಡಿಕೊಳ್ಳುವ ಸರ್ವರ್‌ಗಳ ಗುಂಪು) ಹೊರಗೇ ಇಡಿ. ಪಾಡ್ ಡಿಲೀಟ್ ಮಾಡಿ ನೋಡಿದ ಮೇಲೆ ಇನ್ನೊಂದು ಆಟ ಆಡಿ. ಮೂರು ಪ್ರತಿಯ ಅದೇ ಡಿಪ್ಲಾಯ್‌ಮೆಂಟ್‌ಗೆ, ಇಲ್ಲದ ಇಮೇಜ್‌ನ ಹೆಸರು ಕೊಟ್ಟು ಅಪ್‌ಡೇಟ್ ಮಾಡಿ. ಹೊಸ ಪಾಡ್ ಒಂದೇ ಒಂದು ಹುಟ್ಟಿ ಇಮೇಜ್ ಸಿಗದೆ ನಿಂತಿರುತ್ತದೆ. ಹಳೆಯ ಮೂರೂ ಏನೂ ಆಗದವರಂತೆ ಕೆಲಸ ಮಾಡುತ್ತಿರುತ್ತವೆ. ಆಮೇಲೆ ಹಿಂದಿನ ವರ್ಷನ್‌ಗೆ ಮರಳಿಸುವ ರೋಲ್‌ಔಟ್ ಅನ್‌ಡೂ ಕಮಾಂಡ್ ಕೊಟ್ಟರೆ ಆ ಒಂದು ಪಾಡ್ ಮಾಯ.